ಡಿಸೆಂಬರ್‌ನಲ್ಲಿ ಇಬ್ಬರೇ ಯುರೋಪ್‌ಗೆ: ₹3.5 ಲಕ್ಷದಲ್ಲಿ ಆಗುತ್ತಾ?

ಜಯನಗರ_4ನೇ_ಬ್ಲಾಕ್

ಎಲ್ಲರಿಗೂ ನಮಸ್ಕಾರ. ಈ ಡಿಸೆಂಬರ್‌ನಲ್ಲಿ ನಾನು, ನಮ್ಮನೆಯವರು ಇಬ್ಬರೇ ಯುರೋಪ್‌ಗೆ ಹೋಗೋಣ ಅಂತ ಹೊರಟಿದ್ದೀವಿ. ಮದುವೆಯಾದಾಗಿಂದ ಒಂದಲ್ಲ ಒಂದು ಖರ್ಚು ಬಂದು ಮುಂದಕ್ಕೆ ಹೋಗ್ತಾನೇ ಇತ್ತು. ಈ ಸಲ ಇಬ್ಬರಿಗೂ ಎರಡು ವಾರ ರಜೆ ಸಿಗೋ ಹಾಗಿದೆ. ಟೂರ್ ಪ್ಯಾಕೇಜ್ ವಿಚಾರಿಸಿದ್ರೆ ತಲೆಗೆ ಎರಡೂವರೆ, ಮೂರು ಲಕ್ಷ ಅಂತಾರೆ. ನಮ್ಮ ಹತ್ತಿರ ಇಬ್ಬರದ್ದೂ ಸೇರಿ ಇರೋದೇ ₹3.5 ಲಕ್ಷ, ಎಳೆದಾಡಿದ್ರೆ 4.

ನಾನು ಹಾಕಿರೋ ಪ್ಲಾನ್: ಡಿಸೆಂಬರ್ 20ಕ್ಕೆ ಹೊರಟು ಪ್ಯಾರಿಸ್ 2 ರಾತ್ರಿ, ಆಂಸ್ಟರ್‌ಡ್ಯಾಮ್ 2, ಇಂಟರ್‌ಲಾಕೆನ್ 2, ವಿಯೆನ್ನಾ 2, ಪ್ರಾಗ್ 2, ಬುಡಾಪೆಸ್ಟ್ 2, ಜನವರಿ 3ಕ್ಕೆ ವಾಪಸ್. ನನಗಿರೋದು ಎರಡೇ ಆಸೆ: ಕ್ರಿಸ್‌ಮಸ್ ಮಾರ್ಕೆಟ್ ನೋಡಬೇಕು, ಹಿಮದಲ್ಲಿ ನಿಲ್ಲಬೇಕು. ಅವರದ್ದು ಒಂದೇ: ಮಧ್ಯಾಹ್ನ ಅನ್ನ. ಮೊಟ್ಟೆನೂ ಮುಟ್ಟಲ್ಲ. ಹೋಗಿ ಬಂದಿರೋರು ದಯವಿಟ್ಟು ಹೇಳಿ, ಇದು ಆಗೋ ಮಾತಾ?

ಬಜೆಟ್_ಭಟ್ಟ

ಮೇಡಂ, ದುಡ್ಡು ಸಾಕು. ತಾರೀಖು ಸರಿಯಿಲ್ಲ, ಪಟ್ಟಿ ಉದ್ದ.

ಮೊದಲು ತಾರೀಖು. ಡಿಸೆಂಬರ್ ಮೂರನೇ ವಾರದಿಂದ ಜನವರಿ ಮೊದಲ ವಾರದ ತನಕ ವಿಮಾನದ ದರ ಕೇಳೋ ಹಾಗಿಲ್ಲ. ಹೊರಗಿರೋ ನಮ್ಮವರೆಲ್ಲ ಊರಿಗೆ ಬರೋದು, ಹೋಗೋದು ಆಗಲೇ. ಹೊಸ ವರ್ಷದ ರಾತ್ರಿಗೆ ಪ್ರಾಗ್, ಬುಡಾಪೆಸ್ಟ್‌ನಲ್ಲಿ ರೂಮಿನ ಬೆಲೆಯೂ ಹಾಗೇ ಏರುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ವಿಯೆನ್ನಾದಲ್ಲಿ ರಾಟ್‌ಹೌಸ್ (ನಗರಸಭೆ ಕಟ್ಟಡ) ಮುಂದಿನ ಮಾರ್ಕೆಟ್ ನಡೆಯೋದು ಡಿಸೆಂಬರ್ 26ರ ತನಕ. ನಿಮ್ಮ ಪಟ್ಟಿ ಪ್ರಕಾರ ನೀವು ವಿಯೆನ್ನಾದಲ್ಲಿ ಇಳಿಯೋ ಹೊತ್ತಿಗೆ 27! ಜರ್ಮನಿಯಲ್ಲಿ ಇನ್ನೂ ಬೇಗ, ಬಹುತೇಕ ಊರುಗಳಲ್ಲಿ 23–24ಕ್ಕೇ ಅಂಗಡಿ ಎತ್ತುತ್ತಾರೆ. ಪ್ರಾಗ್ ಹಳೇ ಊರಿನ ಚೌಕದ್ದು ಮಾತ್ರ ಜನವರಿ 6ರ ತನಕ ಇರುತ್ತೆ.

ಇವೆಲ್ಲ ಶುರುವಾಗೋದು ನವೆಂಬರ್ ಮಧ್ಯದಿಂದ ಕೊನೆಯೊಳಗೆ. ನವೆಂಬರ್ 30ಕ್ಕೋ ಡಿಸೆಂಬರ್ 1ಕ್ಕೋ ಹೊರಟು 14ರ ಸುಮಾರಿಗೆ ವಾಪಸ್ ಬನ್ನಿ. ಅದೇ ಮಾರ್ಕೆಟ್, ಅದೇ ದೀಪ, ದರ ಮಾತ್ರ ಬೇರೆ.

ಇನ್ನು ಪಟ್ಟಿ. ಪ್ಯಾರಿಸ್, ಆಂಸ್ಟರ್‌ಡ್ಯಾಮ್, ಇಂಟರ್‌ಲಾಕೆನ್ ಮೂರನ್ನೂ ಹೊಡೆದು ಹಾಕಿ. ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಒಂದೇ ರೈಲು ದಾರಿಯಲ್ಲಿವೆ. ಪ್ರಾಗ್‌ನಿಂದ ವಿಯೆನ್ನಾಗೆ 4 ಗಂಟೆ, ಅಲ್ಲಿಂದ ಬುಡಾಪೆಸ್ಟ್‌ಗೆ ಎರಡೂವರೆ ಚಿಲ್ಲರೆ. ಮುಂಚಿತವಾಗಿ ತಗೊಂಡ್ರೆ ಟಿಕೆಟ್ ಅಗ್ಗ, ಹಲವು ದೇಶದ ರೈಲಿಗೆ ಒಟ್ಟಿಗೆ ನಡೆಯೋ ಯುರೇಲ್ ಪಾಸ್ ಬೇಡವೇ ಬೇಡ. ಗಲ್ಫ್ ಮೇಲಿಂದ ಹೋಗೋ ವಿಮಾನದಲ್ಲಿ ಪ್ರಾಗ್‌ಗೆ ಇಳಿದು ಬುಡಾಪೆಸ್ಟ್‌ನಿಂದ ಹತ್ತೋ ಹಾಗೆ ಬುಕ್ ಮಾಡಿ. ‘ಮಲ್ಟಿ ಸಿಟಿ’ ಅಂತ ಹುಡುಕಬೇಕು. ಹೋದ ದಾರಿಯಲ್ಲೇ ವಾಪಸ್ ಬರೋ ಒಂದು ದಿನ, ಒಂದು ಟಿಕೆಟ್ ಉಳಿಯುತ್ತೆ.

ನನ್ನ ಅಂದಾಜು, ಇಬ್ಬರಿಗೆ: ವಿಮಾನ 1.2 ಲಕ್ಷ, ರೂಮು 80–90 ಸಾವಿರ, ಊಟ 55, ವೀಸಾ ಮತ್ತು ಇನ್ಶೂರೆನ್ಸ್ 25, ರೈಲು, ಟ್ರಾಮ್ 25, ಟಿಕೆಟ್ಟು ಗಿಕೆಟ್ಟು 20. ಮೂರೂ ಕಾಲರ ಹತ್ತಿರ ಬರುತ್ತೆ. ಉಳಿದಿದ್ದು ಅತ್ತೆ ಮಾವನಿಗೆ ಚಾಕೊಲೇಟು.

ಕುಡ್ಲದ_ಬಿಸಿಲು

ಎಂತ ಮಾರಾಯ್ರೆ, ಯುರೋಪಿಗೆ ಹೋಗಿ ಐಫೆಲ್ ಟವರ್ ನೋಡದೆ ಬರುದಾ? ಅವರು ಮತ್ತೆ ಯಾವಾಗ ಹೋಗುದು ಯಾರಿಗೆ ಗೊತ್ತು. ಊರಿಗೆ ಬಂದ್ಮೇಲೆ ಎಲ್ಲರೂ ಕೇಳುದು ಅದನ್ನೇ. ಬುಡಾಪೆಸ್ಟ್ ಅಂದ್ರೆ ನಮ್ಮ ಅಮ್ಮನಿಗೆ ಎಲ್ಲಿ ಉಂಟು ಅಂತಲೂ ಗೊತ್ತಿಲ್ಲ. ನಾವು ಪ್ಯಾರಿಸಲ್ಲಿ ಕಡಿಮೆ ಖರ್ಚಲ್ಲೇ ಇದ್ದು ಬಂದದ್ದು. ಓರ್ಸೇ ಮ್ಯೂಸಿಯಂ ತಿಂಗಳ ಮೊದಲ ಭಾನುವಾರ ಫ್ರೀ. ಬೇಕರಿಯ ಬ್ರೆಡ್ಡು, ಚೀಸು ತಗೊಂಡು ನದಿ ಬದಿಯಲ್ಲಿ ಕೂತು ತಿಂದ್ರೆ ಹೊಟ್ಟೆ ತುಂಬ್ತದೆ.

ಬಜೆಟ್_ಭಟ್ಟ

@ಕುಡ್ಲದ_ಬಿಸಿಲು ನೀವು ಹೋಗಿದ್ದು ಮೇ ತಿಂಗಳಲ್ಲಿ ಇರಬೇಕು. ಡಿಸೆಂಬರ್‌ನಲ್ಲಿ ನದಿ ಬದಿಯಲ್ಲಿ ಕೂತರೆ ಚೀಸಿನ ಜೊತೆ ನಾವೂ ಗಟ್ಟಿ. 2026ರ ಜನವರಿಯಿಂದ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಯುರೋಪಿನ ಹೊರಗಿನವರಿಗೆ ಟಿಕೆಟ್ 32 ಯುರೋ ಆಗಿದೆ, ಮೊದಲು 22 ಇತ್ತು. ಸ್ವಿಟ್ಜರ್ಲೆಂಡ್‌ನಲ್ಲಿ ಹಿಮದ ಬೆಟ್ಟದ ಮೇಲಿರೋ ಯೂಂಗ್‌ಫ್ರಾವ್‌ಯೋಖ್‌ಗೆ ಇಂಟರ್‌ಲಾಕೆನ್‌ನಿಂದ ಹೋಗಿ ಬರೋ ಪೂರ್ತಿ ದರ ತಲೆಗೆ 200 ಫ್ರಾಂಕ್ ಆಸುಪಾಸು. ಅಷ್ಟು ಕೊಟ್ಟು ಹತ್ತಿದ ದಿನ ಮೋಡ ಮುಚ್ಚಿದ್ರೆ ಬಿಳೀ ಗೋಡೆ ನೋಡಿಕೊಂಡು ಇಳೀಬೇಕು. ಇವರ ಬಜೆಟ್ಟಿಗೆ ಅದು ಆಗಿಬರಲ್ಲ.

ಕುಡ್ಲದ_ಬಿಸಿಲು

ಅದು ಏಪ್ರಿಲ್ 😄 ಆದ್ರೂ ನನ್ನ ವೋಟು ಪ್ಯಾರಿಸಿಗೇ. ಸಾಲ ಮಾಡಿ ಆದ್ರೂ ಒಮ್ಮೆ ನೋಡ್ಬೇಕು.

ಡ್ಯಾನ್ಯೂಬ್_ದಂಡೆ

ವಿಯೆನ್ನಾದಲ್ಲಿ ಕೆಲಸ ನನ್ನದು. ಊರಿಂದ ಚಳಿಗಾಲದಲ್ಲಿ ಬರೋರಿಗೆಲ್ಲ ನಾನು ಹೇಳೋದು ಒಂದೇ: ಚಳಿಗೆ ಹೆದರಬೇಡಿ, ಬೆಳಕಿನ ಲೆಕ್ಕ ಹಾಕಿ.

ಬೆಂಗಳೂರಲ್ಲಿ ಡಿಸೆಂಬರ್‌ನ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ದಾಟುತ್ತೆ. ಇಲ್ಲಿ ಎಂಟು ಎಂಟೂವರೆ. ಬೆಳಗ್ಗೆ ಏಳೂವರೆ ಆದಮೇಲೆ ಬೆಳಕು, ಸಂಜೆ ನಾಲ್ಕಕ್ಕೆ ಕತ್ತಲು. ಪೋಲೆಂಡ್‌ನ ಕ್ರಾಕೋದಲ್ಲಿ ಇನ್ನೂ ಮೊದಲೇ, ಮೂರೂ ಮುಕ್ಕಾಲಿಗೆಲ್ಲ ಸೂರ್ಯ ಮುಳುಗಿರ್ತಾನೆ. ಮೋಡ ಇದ್ದರೆ (ಹೆಚ್ಚಿನ ದಿನ ಇರುತ್ತೆ) ಮಧ್ಯಾಹ್ನ ಎರಡಕ್ಕೇ ಸಂಜೆ ಆದ ಹಾಗಿರುತ್ತೆ. ಊರಿಗೆ ಎರಡು ರಾತ್ರಿ ಅಂತ ನೀವು ಇಟ್ಟಿದ್ದೀರಲ್ಲ, ರೈಲು, ಲಗೇಜು, ರೂಮು ಹುಡುಕೋದು ಎಲ್ಲ ಕಳೆದ್ರೆ ಒಂದೊಂದು ಊರಿಗೆ ಉಳಿಯೋದು ಆರೇಳು ಗಂಟೆ ಬೆಳಕು. ಆರು ಊರು ಮಾಡೋರು ನಿಜವಾಗಿ ನೋಡೋದು ಆರು ರೈಲ್ವೆ ಸ್ಟೇಷನ್ನು. ಊರಿಗೆ ಮೂರು ರಾತ್ರಿ ಅಂದ್ರೆ ಕನಿಷ್ಠ.

ದಿನವನ್ನ ಹೀಗೆ ಮಾಡ್ಕೊಳ್ಳಿ. ಬೆಳಗ್ಗೆ ಎಂಟೂವರೆಗೆ ಹೊರಗೆ. ಕೋಟೆ, ಸೇತುವೆ, ಗುಡ್ಡ ಏನಿದ್ರೂ ಮೂರರೊಳಗೆ. ಮೂರೂವರೆಗೆ ಎಲ್ಲಾದರೂ ಬೆಚ್ಚಗೆ ಕೂತು ಕಾಫಿ. ಇಲ್ಲಿನ ಹಳೇ ಕಾಫಿ ಹೌಸ್‌ಗಳಲ್ಲಿ ಒಂದು ಕಾಫಿ ತಗೊಂಡ್ರೆ ಪಕ್ಕದಲ್ಲಿ ಒಂದು ಲೋಟ ನೀರಿಟ್ಟು ಸುಮ್ನೆ ಬಿಡ್ತಾರೆ, ಎರಡು ಗಂಟೆ ಕೂತರೂ ಯಾರೂ ಎಬ್ಬಿಸಲ್ಲ. ಕತ್ತಲಾದ ಮೇಲೆ ಮಾರ್ಕೆಟ್ಟು. ಅದಕ್ಕೆ ಕತ್ತಲೇ ಬೇಕು, ಹಗಲಲ್ಲಿ ನೋಡಿದ್ರೆ ಮರದ ಗೂಡಂಗಡಿ ಅಷ್ಟೇ.

ಮಾರ್ಕೆಟ್‌ನಲ್ಲಿ ಬಿಸಿ ವೈನ್ ಕೊಡೋದು ಪಿಂಗಾಣಿ ಮಗ್‌ನಲ್ಲಿ. ಬೆಲೆಯ ಮೇಲೆ ಮಗ್‌ಗೆ ಅಂತ ನಾಲ್ಕೈದು ಯುರೋ ಠೇವಣಿ ಸೇರಿಸಿ ತಗೋತಾರೆ. ಮಗ್ ವಾಪಸ್ ಕೊಟ್ರೆ ದುಡ್ಡು ವಾಪಸ್. ಇದು ಗೊತ್ತಿಲ್ಲದೆ ದುಬಾರಿ ಅಂತ ಬೈಕೊಂಡು ಮಗ್ ಅಲ್ಲೇ ಮೇಜಿನ ಮೇಲಿಟ್ಟು ಹೋಗೋರು ಬಹಳ ಜನ. ಕುಡಿಯದವರಿಗೆ ‘ಕಿಂಡರ್‌ಪುನ್ಷ್’ ಅಂತ ಹಣ್ಣಿನ ರಸದ್ದು ಇದೆ, ಆಲ್ಕೋಹಾಲ್ ಇರಲ್ಲ.

ಹಿಮದ ವಿಚಾರ: ವಿಯೆನ್ನಾ ಊರೊಳಗೆ ಡಿಸೆಂಬರ್ ಮೊದಲಲ್ಲಿ ಬಿದ್ದರೂ ಬೀಳಬಹುದು, ನಂಬಿ ಕೂರಬೇಡಿ. ಸೆಮ್ಮರಿಂಗ್ ಬೆಟ್ಟಕ್ಕೆ ಹೋಗಿ. ರೈಲಲ್ಲಿ ಒಂದೂಕಾಲು ಗಂಟೆ ಆಸುಪಾಸು. ಆ ರೈಲು ದಾರಿ 1848ರಿಂದ 1854ರ ನಡುವೆ ಕಟ್ಟಿದ್ದು, 1998ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಎರಡಂತಸ್ತಿನ ಕಲ್ಲಿನ ಸೇತುವೆ ಮೇಲೆ ರೈಲು ಬಾಗಿ ಬಾಗಿ ಹತ್ತುತ್ತೆ, ಟಿಕೆಟ್ಟಿನ ದುಡ್ಡು ಅಲ್ಲೇ ವಸೂಲಿ. ಮೇಲೆ ಸ್ಲೆಡ್ ಬಾಡಿಗೆಗೆ ಸಿಗುತ್ತೆ. ಹಿಂದಿನ ದಿನ ವೆಬ್‌ಕ್ಯಾಮ್ ನೋಡಿಕೊಂಡು ಹೊರಡಿ.

ಹುಬ್ಬಳ್ಳಿ_ಮಿರ್ಚಿ

ಅಕ್ಕಾರ, ಎಲ್ಲಾರೂ ಊರ ಸುದ್ದಿ ಹೇಳಾಕತ್ತಾರ, ವೀಸಾದ್ದು ಯಾರೂ ಹೇಳವಲ್ರು. ಮೊದಲ ಅದನ್ನ ಮಾಡ್ರಿ.

ಯಾವ ದೇಶದಾಗ ಹೆಚ್ಚು ರಾತ್ರಿ ಇರ್ತೀರಿ, ಆ ದೇಶಕ್ಕ ಅರ್ಜಿ ಹಾಕಬೇಕು. ಎಲ್ಲಾ ಕಡೆ ಸಮ ಇದ್ರ ಮೊದಲ ಕಾಲಿಡೋ ದೇಶಕ್ಕ. ಹಂಗ ಸಮ ಇಟ್ಟು ಗೊಂದಲ ಮಾಡ್ಕೋಬ್ಯಾಡ್ರಿ, ಒಂದು ಊರಿಗೆ ಒಂದು ರಾತ್ರಿ ಹೆಚ್ಚು ಹಾಕಿಬಿಡ್ರಿ. ಪ್ರಯಾಣಕ್ಕ 6 ತಿಂಗಳ ಮೊದಲಿಂದ ಅರ್ಜಿ ತಗೋತಾರ, ಕಡೀ ಗಡುವು 15 ದಿನ. ಆದ್ರ 15 ದಿನ ಅಂತ ಕುಂತ್ರ ಮುಗೀತು ಕಥಿ, ಚಳಿಗಾಲದ ಅಪಾಯಿಂಟ್‌ಮೆಂಟ್ ಸಿಗೋದ ಕಷ್ಟ. ಫೀ ದೊಡ್ಡವರಿಗೆ 90 ಯುರೋ, ಮ್ಯಾಲೆ ಸೆಂಟರ್‌ನವರ ಸರ್ವಿಸ್ ಚಾರ್ಜ್. ರಿಜೆಕ್ಟ್ ಆದ್ರ ವಾಪಸ್ ಬರಂಗಿಲ್ಲ. ಇನ್ಶೂರೆನ್ಸ್ ಕನಿಷ್ಠ 30,000 ಯುರೋದ್ದು ಇರಬೇಕು, ಇಡೀ ಷೆಂಗೆನ್‌ಗೆ (ಒಂದ ವೀಸಾದಾಗ ತಿರುಗಾಡೋ ಯುರೋಪಿನ ದೇಶಗಳಿಗೆ) ನಡೀಬೇಕು.

ಬ್ಯಾಂಕ್ ಸ್ಟೇಟ್‌ಮೆಂಟ್‌ದಾಗ ಅರ್ಜಿ ಹಾಕೋ ವಾರ ಯಾರ್ದರ ರೊಕ್ಕ ತಂದು ತುಂಬಬ್ಯಾಡ್ರಿ, ಅವ್ರಿಗೆ ಕಾಣ್ತೈತಿ. ಸಂಬಳ ಬಿದ್ದದ್ದು, ಖರ್ಚಾದದ್ದು ಸಹಜ ಇದ್ರ ಸಾಕು. ಆಫೀಸಿನ ರಜಾ ಪತ್ರ, ಐಟಿ ರಿಟರ್ನ್, ಹೊಳ್ಳಿ ಬರೋ ಟಿಕೆಟ್ಟಿನ ಬುಕಿಂಗ್ ಇಡ್ರಿ. ಒಬ್ಬರ ಇನ್ನೊಬ್ಬರ ಖರ್ಚು ನೋಡ್ಕೋತಿದ್ರ ಮದುವಿ ಸರ್ಟಿಫಿಕೇಟ್ ಬೇಕಾಕ್ಕೈತಿ. ರೂಮು ಫ್ರೀ ಕ್ಯಾನ್ಸಲೇಶನ್ ಇರೋವನ್ನ ಬುಕ್ ಮಾಡ್ರಿ, ವೀಸಾ ಕೈಗೆ ಬಂದ ಮ್ಯಾಲೆ ರೈಲು ಟಿಕೆಟ್ ತಗೋರಿ. ಅಗ್ಗದ ರೈಲು ಟಿಕೆಟ್ ತಾರೀಖು ಬದಲಾಗಂಗಿಲ್ಲ, ರೊಕ್ಕಾನೂ ಬರಂಗಿಲ್ಲ.

ಇನ್ನೊಂದು. 2025ರ ಅಕ್ಟೋಬರ್ 12ರಿಂದ ಇಇಎಸ್ ಅಂತ ಹೊಸಾ ಪದ್ಧತಿ ಚಾಲೂ ಆಗೇತಿ. ಗಡಿಯಾಗ ಕ್ಯಾಮೆರಾ ಮುಂದ ನಿಂದರಿಸಿ ದಾಖಲು ಮಾಡ್ಕೋತಾರ. ಮ್ಯೂನಿಕ್, ಫ್ರಾಂಕ್‌ಫರ್ಟ್ ಮ್ಯಾಲೆ ಹೋಗೋರಿಗೆ ಅಲ್ಲೇ ಇಮಿಗ್ರೇಶನ್. ಮುಂದಿನ ವಿಮಾನಕ್ಕ ಒಂದು ತಾಸಿನ ಗ್ಯಾಪ್ ಇಟ್ಕೊಂಡು ಓಡಬ್ಯಾಡ್ರಿ, ಎರಡೂವರಿ ತಾಸರ ಇರ್ಲಿ.

ಹೆಸರು_ಬೇಡ_ಪ್ಲೀಸ್

ಮಧ್ಯದಲ್ಲಿ ಬಾಯಿ ಹಾಕ್ತಿರೋದಕ್ಕೆ ಕ್ಷಮಿಸಿ. ನಮಗಿನ್ನೂ ಮದುವೆ ಆಗಿಲ್ಲ, ಇಬ್ಬರೂ ಒಟ್ಟಿಗೆ ಹೋಗಬೇಕು ಅಂತಿದ್ದೀವಿ. ವೀಸಾಕ್ಕೆ, ರೂಮಿಗೆ ತೊಂದರೆ ಆಗುತ್ತಾ?

ಹುಬ್ಬಳ್ಳಿ_ಮಿರ್ಚಿ

ಏನೂ ಆಗಂಗಿಲ್ಲ ತಮ್ಮ/ತಂಗಿ. ಅರ್ಜಿ ಎಲ್ಲಾರದೂ ಬ್ಯಾರೆ ಬ್ಯಾರೇನ. ನಿನ್ನ ಖರ್ಚಿಗೆ ನಿನ್ನ ಬ್ಯಾಂಕ್ ಕಾಗದ, ಅವ್ರ ಖರ್ಚಿಗೆ ಅವ್ರದು. ಪ್ಲಾನ್ ಇಬ್ಬರದೂ ಒಂದ ಇರ್ಲಿ, ಒಟ್ಟಿಗೆ ಹೋಗಾಕತ್ತೀವಿ ಅಂತ ಕವರಿಂಗ್ ಲೆಟರ್‌ದಾಗ ಬರೀರಿ. ಅಲ್ಲಿ ಹೋಟೆಲ್‌ದವರು ಪಾಸ್‌ಪೋರ್ಟ್ ಕೇಳ್ತಾರ, ತಾಳಿ ಕೇಳಂಗಿಲ್ಲ. ಮನ್ಯಾಗ ಏನ್ ಹೇಳ್ತೀರಿ ಅದನ್ನ ನೀವ ನೋಡ್ಕೋರಿ.

ಜಯನಗರ_4ನೇ_ಬ್ಲಾಕ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್! 27ಕ್ಕೆ ವಿಯೆನ್ನಾ ಅನ್ನೋದು ನೋಡಿ ನಮ್ಮನೆಯವರು ನಗ್ತಾ ಇದ್ದಾರೆ. ಪ್ಯಾರಿಸ್ ಬಿಡೋಕೆ ಹೊಟ್ಟೆ ಉರಿಯುತ್ತೆ, ಆದರೂ ಬಿಟ್ಟೆ. ಡಿಸೆಂಬರ್ 1ಕ್ಕೆ ಇಬ್ಬರಿಗೂ ರಜೆ ಸಿಗುತ್ತಾ ಅಂತ ನಾಳೆ ಕೇಳ್ತೀವಿ. ಈಗ ಅನ್ನದ ವಿಚಾರ ಹೇಳಿ. ಇವರು ಚಟ್ನಿಪುಡಿ, ತುಪ್ಪ, ಕರಿಬೇವು, ಪುಟ್ಟ ಕುಕ್ಕರ್ ಎಲ್ಲ ಪಟ್ಟಿ ಮಾಡಿಕೊಂಡು ಕೂತಿದ್ದಾರೆ.

ಮಲ್ಲಿಗೆ_ಮೈಸೂರು

ತುಪ್ಪ, ಕರಿಬೇವು ಪಟ್ಟಿಯಿಂದ ತೆಗೆಸಿ. ಯುರೋಪಿಯನ್ ಯೂನಿಯನ್ ಒಳಗೆ ಹೊರಗಿನಿಂದ ಹಾಲು, ಮಾಂಸದ ಪದಾರ್ಥ ತರೋ ಹಾಗಿಲ್ಲ. ತುಪ್ಪ, ಪೇಡ, ಹಾಲಿನ ಪುಡಿ ಎಲ್ಲ ಅದರಲ್ಲೇ ಬರುತ್ತೆ. ಹಸಿ ಸೊಪ್ಪಿಗೂ ಅಲ್ಲಿನ ಕೃಷಿ ಇಲಾಖೆ ಒಪ್ಪೋ ಸರ್ಟಿಫಿಕೇಟ್ ಬೇಕು. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಅವಲಕ್ಕಿ ಧಾರಾಳವಾಗಿ ತಗೊಂಡು ಹೋಗಿ. ಎಣ್ಣೆ ಇರೋದೆಲ್ಲ ಚೆಕ್ಕಿನ್ ಬ್ಯಾಗ್‌ನಲ್ಲಿ ಇರಲಿ.

ಅಕ್ಕಿ ಹೊರಬೇಡಿ. ಲಿಡ್ಲ್, ಬಿಲ್ಲಾ, ಸ್ಪಾರ್ ಎಲ್ಲಾ ಕಡೆ ಬಾಸ್ಮತಿ ಸಿಗುತ್ತೆ. ಮೊಸರು ಗಟ್ಟಿ ಮೊಸರು, ರುಚಿಯಾಗಿರುತ್ತೆ. ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ತಗೊಂಡ್ರೆ ಕುಕ್ಕರೂ ಬೇಡ. ತಗೊಂಡು ಹೋಗ್ತೀವಿ ಅಂದ್ರೆ ನಮ್ಮ ದುಂಡು ಮೂರು ಪಿನ್ನಿನ ಪ್ಲಗ್ ಅಲ್ಲಿ ಹೋಗಲ್ಲ, ಅಡಾಪ್ಟರ್ ಇರಲಿ. ದುಂಡು ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಹಾಗೇ ಹೋಗುತ್ತೆ. ಮತ್ತೆ, ರೂಮಿನಲ್ಲಿ ಒಗ್ಗರಣೆ ಹಾಕಬೇಡಿ! ಒಣಮೆಣಸಿನಕಾಯಿ ಸಿಡಿದ್ರೆ ಸ್ಮೋಕ್ ಅಲಾರಂ ಕೂಗುತ್ತೆ, ಇಡೀ ಕಟ್ಟಡದವರು ಚಡ್ಡಿಯಲ್ಲಿ ಹೊರಗೆ ಬಂದು ನಿಲ್ತಾರೆ. ಕೆಟಲ್ ನೀರಲ್ಲಿ ಗೊಜ್ಜವಲಕ್ಕಿ ನೆನೆಸಿದ್ರೆ ಬೆಳಗಿನ ತಿಂಡಿ ಮುಗೀತು.

ಭಾನುವಾರ ಆಸ್ಟ್ರಿಯಾದಲ್ಲಿ ಸೂಪರ್‌ಮಾರ್ಕೆಟ್ ಮುಚ್ಚಿರುತ್ತೆ, ದೊಡ್ಡ ಸ್ಟೇಷನ್ನುಗಳೊಳಗಿನ ಅಂಗಡಿ ಬಿಟ್ಟು. ಶನಿವಾರ ಸಂಜೆಯೇ ಹಾಲು, ಮೊಸರು ತಂದಿಟ್ಕೊಳ್ಳಿ. ವಿಯೆನ್ನಾದಲ್ಲಿ ಕುಡಿಯೋ ನೀರಿಗೆ ದುಡ್ಡು ಕೊಡಬೇಡಿ. ನಲ್ಲಿಯಲ್ಲಿ ಬರೋದು ಆಲ್ಪ್ಸ್ ಬೆಟ್ಟದ ಒರತೆ ನೀರು, 1873ರಿಂದಲೂ.

ಕೋಟೆನಾಡು

ನನ್ನ ಸಲಹೆ ಕ್ರಾಕೋ. ಪ್ರಾಗ್, ವಿಯೆನ್ನಾ ಎರಡಕ್ಕಿಂತ ಅಗ್ಗ, ಶಾಖಾಹಾರಕ್ಕೂ ಒಳ್ಳೇದು.

ಅಲ್ಲಿ ‘ಬಾರ್ ಮ್ಲೆಚ್ನಿ’ ಅಂತ ಇವೆ. ಕಮ್ಯುನಿಸ್ಟ್ ಕಾಲದಲ್ಲಿ ಕೆಲಸಗಾರರಿಗೆ ಅಂತ ಸರ್ಕಾರ ಸಹಾಯಧನ ಕೊಟ್ಟು ನಡೆಸ್ತಿದ್ದ ಊಟದ ಮನೆಗಳು, ಈಗಲೂ ಇವೆ. ನಮ್ಮ ದರ್ಶಿನಿ ಇದ್ದ ಹಾಗೆ ಅಂದ್ಕೊಳ್ಳಿ. ಕೌಂಟರ್‌ನಲ್ಲಿ ಅಜ್ಜಿ ಒಬ್ರು ಮುಖ ಗಂಟು ಹಾಕ್ಕೊಂಡು ಕೂತಿರ್ತಾರೆ. ದುಡ್ಡು ಕೊಟ್ಟು ಚೀಟಿ ತಗೋಬೇಕು, ಅಡುಗೆಮನೆ ಕಿಟಕಿಯಲ್ಲಿ ಚೀಟಿ ಕೊಡಬೇಕು, ಹೆಸರು ಕೂಗಿದಾಗ ಓಡಿ ಹೋಗಿ ತಟ್ಟೆ ತರಬೇಕು, ತಿಂದಾದ ಮೇಲೆ ತಟ್ಟೆ ಇನ್ನೊಂದು ಕಿಟಕಿಗೆ. ‘ಪಿಯೆರೋಗಿ ರುಸ್ಕಿಯೆ’ ಅಂತ ಕೇಳಿ: ಆಲೂಗಡ್ಡೆ, ಒಂಥರಾ ಪನೀರು ತುಂಬಿದ ಕಡುಬು. ಒಂದು ತಟ್ಟೆ 20 ಝ್ವಾಟಿ (ಅಲ್ಲಿನ ಹಣ) ಆಸುಪಾಸು, ಹೊಟ್ಟೆ ತುಂಬುತ್ತೆ. ಆದರೆ ಮೇಲೆ ಹುರಿದ ಹಂದಿ ಕೊಬ್ಬಿನ ಚೂರು ಉದುರಿಸೋ ಪದ್ಧತಿ ಇದೆ. ಮೊದಲೇ ‘ಬೆಸ್ ಸ್ಕ್ವಾರೆಕ್’ ಅಂದ್ರೆ ಹಾಕಲ್ಲ. ಕೆಂಪು ಬೀಟ್‌ರೂಟ್ ಸಾರು ನೋಡೋಕೆ ಸಾತ್ವಿಕ, ಕೆಲವು ಕಡೆ ಮಾಂಸದ ನೀರಲ್ಲಿ ಮಾಡ್ತಾರೆ, ಕೇಳಿ ತಗೊಳ್ಳಿ. ಕಡುಬಿನ ಹಿಟ್ಟಿಗೆ ಮೊಟ್ಟೆ ಹಾಕೋರೂ ಇದ್ದಾರೆ. ನಿಮ್ಮನೆಯವರು ಕಟ್ಟುನಿಟ್ಟಾದ್ರೆ ಇಲ್ಲೂ ಮೊಸರನ್ನವೇ ಗತಿ.

ಮಳೆ, ಚಳಿ ಜಾಸ್ತಿ ಇದ್ದ ದಿನ ವಿಯೆಲಿಚ್ಕಾ ಉಪ್ಪಿನ ಗಣಿಗೆ ಹೋಗಿ. ವರ್ಷವಿಡೀ ಒಳಗೆ ಹದಿನೈದು ಡಿಗ್ರಿ ಮೇಲೆಯೇ ಇರುತ್ತೆ, ಹೊರಗಿಂತ ಬೆಚ್ಚಗೆ. ನಾಜಿಗಳು ಜನರನ್ನ ಕೂಡಿಹಾಕಿ ಕೊಂದ ಔಷ್ವಿಟ್ಜ್ ಶಿಬಿರಕ್ಕೆ ಹೋಗೋ ಮನಸ್ಸಿದ್ರೆ ಪ್ರವೇಶಕ್ಕೆ ದುಡ್ಡಿಲ್ಲ, ಗೈಡ್‌ಗೆ ಕೊಡಬೇಕು. ಆದರೆ ಸಮಯ ಮೊದಲೇ ಕಾದಿರಿಸಬೇಕು. ಅಲ್ಲಿ ಬಯಲಲ್ಲೇ ನಡೆಯೋದು ಹೆಚ್ಚು, ಆ ದಿನ ಎಲ್ಲ ಬಟ್ಟೆನೂ ಹಾಕ್ಕೊಂಡು ಹೋಗಿ. ಅವತ್ತಿನ ಸಂಜೆಗೆ ಬೇರೇನೂ ಇಟ್ಕೋಬೇಡಿ.

ಮಡಿಕೇರಿ_ಮಂಜು

ಬಟ್ಟೆ ಬಗ್ಗೆ ಯಾರೂ ಬರೆದಿಲ್ಲ. ಅಲ್ಲಿ ಹೊರಗೆ ಸೊನ್ನೆ, ಟ್ರಾಮ್ ಒಳಗೆ, ಅಂಗಡಿ ಒಳಗೆ ಇಪ್ಪತ್ತು ದಾಟುತ್ತೆ. ದಪ್ಪದೊಂದು ಸ್ವೆಟರ್ ಹಾಕ್ಕೊಂಡು ಹೋದ್ರೆ ಒಳಗೆ ಬೆವರು, ಹೊರಗೆ ಬಂದ್ರೆ ಅದೇ ಬೆವರು ತಣ್ಣಗಾಗಿ ನಡುಕ. ತೆಳ್ಳಗೆ ಮೂರು ಪದರ ಸಾಕು: ಒಳಗೆ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ, ನೀರು ತಡೆಯೋ ಜಾಕೆಟ್. ಮೊದಲ ಎರಡನ್ನ ಡೆಕಾತ್ಲಾನ್‌ನಲ್ಲಿ ತಗೊಳ್ಳಿ, ಜಾಕೆಟ್ ಯಾರದ್ದಾದ್ರೂ ಎರವಲು ತನ್ನಿ. ಬೆಂಗಳೂರಲ್ಲಿ ಚಳಿ ಬಟ್ಟೆ ಬಾಡಿಗೆಗೆ ಕೊಡೋರೂ ಇದ್ದಾರೆ.

ದುಡ್ಡು ಹಾಕೋದಾದ್ರೆ ಶೂಗೆ ಹಾಕಿ. ನೀರು ಒಳಗೆ ಹೋಗಬಾರದು, ಅಡಿ ಜಾರಬಾರದು. ಪ್ರಾಗ್‌ನ ಕಲ್ಲು ಹಾಸಿನ ಬೀದಿ ಹಿಮ ಕರಗಿದ ಮೇಲೆ ಪಾಚಿ ಕಟ್ಟಿದ ಅಂಗಳ. ದಪ್ಪ ಸಾಕ್ಸ್ ಹಾಕ್ಕೊಂಡೇ ಶೂ ಅಳತೆ ನೋಡಿ, ಇಲ್ಲದಿದ್ರೆ ಬೆರಳು ಒತ್ತಿ ಇನ್ನೂ ಚಳಿ ಆಗುತ್ತೆ. ಕೊಬ್ಬರಿ ಎಣ್ಣೆ ತಗೊಂಡು ಹೋಗಿ ಪ್ರಯೋಜನ ಇಲ್ಲ, ಬಾಟಲಿಯಲ್ಲೇ ಕಲ್ಲಾಗುತ್ತೆ. ತುಟಿಗೆ, ಕೈಗೆ ವ್ಯಾಸಲೀನ್. ಮೊಬೈಲ್ ಒಳ ಜೇಬಲ್ಲಿಡಿ, ಚಳಿಗೆ ಬ್ಯಾಟರಿ ಇದ್ದಕ್ಕಿದ್ದ ಹಾಗೆ ಕೂರುತ್ತೆ.

ಬಜೆಟ್_ಭಟ್ಟ

ದುಡ್ಡಿನ ಬಗ್ಗೆ ಬಿಟ್ಟುಹೋಗಿದ್ದು. ಇಲ್ಲಿ ಹೇಳಿದ ನಾಲ್ಕು ದೇಶದಲ್ಲಿ ಆಸ್ಟ್ರಿಯಾದಲ್ಲಿ ಮಾತ್ರ ಯುರೋ. ಜೆಕ್‌ನಲ್ಲಿ ಕೊರುನಾ, ಪೋಲೆಂಡ್‌ನಲ್ಲಿ ಝ್ವಾಟಿ, ಹಂಗೇರಿಯಲ್ಲಿ ಫೋರಿಂಟ್. ಹೆದರಬೇಡಿ, ಕಾರ್ಡ್ ಎಲ್ಲಾ ಕಡೆ ನಡೆಯುತ್ತೆ. ಮಷಿನ್ ‘ರೂಪಾಯಿಯಲ್ಲಿ ಕೊಡ್ತೀರಾ, ಇಲ್ಲಿನ ಹಣದಲ್ಲಾ’ ಅಂತ ಕೇಳಿದಾಗ ಯಾವತ್ತೂ ಅಲ್ಲಿನ ಹಣವೇ ಒತ್ತಿ. ರೂಪಾಯಿ ಒತ್ತಿದ್ರೆ ಅವರಿಗೆ ತೋಚಿದ ದರ ಹಾಕ್ತಾರೆ.

ಪ್ರಾಗ್‌ನ ಹಳೇ ಊರಲ್ಲಿ ‘ಸೊನ್ನೆ ಕಮಿಷನ್’ ಅಂತ ಬೋರ್ಡ್ ಹಾಕಿರೋ ಹಣ ಬದಲಾಯಿಸೋ ಅಂಗಡಿಗಳಿಗೆ ಸುಮ್ನೆ ಕಾಲಿಡಬೇಡಿ. ಕಮಿಷನ್ ಇರಲ್ಲ, ದರದಲ್ಲೇ ಬೋಳಿಸ್ತಾರೆ. ಗೊತ್ತಿಲ್ಲದೆ ಬದಲಾಯಿಸಿಬಿಟ್ರೆ ಒಂದು ದಾರಿ ಇದೆ. 2019ರಿಂದ ಅಲ್ಲಿ ಕಾನೂನು ಬಂದಿದೆ: 1,000 ಯುರೋ ಒಳಗಿನ ವ್ಯವಹಾರವನ್ನ ಮೂರು ಗಂಟೆಯೊಳಗೆ ರಸೀದಿ ತೋರಿಸಿ ರದ್ದು ಮಾಡಿಸಬಹುದು. ರಸೀದಿ ಎಸೀಬೇಡಿ. ಸ್ಟೇಷನ್ನಿನ ಶೌಚಾಲಯಕ್ಕೆ ಚಿಲ್ಲರೆ ಜೇಬಲ್ಲಿ ಇರಲಿ. ಚಳಿಯಲ್ಲಿ ಆ ಖರ್ಚು ಎಷ್ಟಾಗುತ್ತೆ ಅಂತ ಹೋದ ಮೇಲೆ ಗೊತ್ತಾಗುತ್ತೆ.

ಟ್ರಾಮ್, ಮೆಟ್ರೋದಲ್ಲಿ ಕಾಗದದ ಟಿಕೆಟ್ ತಗೊಂಡ್ರೆ ಹಳದಿ ಡಬ್ಬಿಗೋ ಕಿತ್ತಳೆ ಡಬ್ಬಿಗೋ ತೂರಿಸಿ ಮುದ್ರೆ ಹಾಕಿಸಿ. ಮುದ್ರೆ ಇಲ್ಲದ ಟಿಕೆಟ್ ಇದ್ದೂ ಇಲ್ಲದ ಹಾಗೆ. ಚೆಕ್ಕಿಂಗ್‌ನವರು ಮಾಮೂಲಿ ಬಟ್ಟೆಯಲ್ಲೇ ಬರ್ತಾರೆ, ದಂಡದಲ್ಲಿ ಒಂದು ದಿನದ ಊಟ ಹೋಗುತ್ತೆ. ಅಗ್ಗದ ವಿಮಾನ ಅಂತ ಆಸೆ ಹುಟ್ಟಿದ್ರೆ ನಿಲ್ದಾಣ ಎಲ್ಲಿದೆ ನೋಡಿ: ‘ಪ್ಯಾರಿಸ್ ಬೋವೆ’ ಪ್ಯಾರಿಸ್‌ನಿಂದ 80 ಕಿ.ಮೀ. ದೂರ.

ಮಲ್ಲಿಗೆ_ಮೈಸೂರು

ಇನ್ನೊಂದು ಮಾತು, ನಿಮಗಷ್ಟೇ. ಇಬ್ಬರೇ ಹೋಗೋ ಚಳಿಗಾಲದ ಪ್ರವಾಸದಲ್ಲಿ ಜಗಳ ಆಗೋದು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ. ಒಬ್ಬರಿಗೆ ಹಸಿವು, ಇನ್ನೊಬ್ಬರಿಗೆ ಕಾಲು ಮರಗಟ್ಟಿರುತ್ತೆ, ಬೆಳಕು ಹೋಗ್ತಾ ಇದೆ, ಇನ್ನೂ ಒಂದು ಚರ್ಚು ಬಾಕಿ. ಆಗ ‘ನಾನು ಮೊದಲೇ ಹೇಳಿದ್ದೆ’ ಅಂತ ಯಾರು ಬಾಯಿ ಬಿಟ್ಟರೂ ಅಲ್ಲಿಗೆ ಮುಗೀತು. ಒಂದು ಗಂಟೆಗೇ ಊಟ ಮಾಡಿಸಿಬಿಡಿ. ಬೆಳಗ್ಗೆ ಮಾಡಿದ ಚಿತ್ರಾನ್ನ ಡಬ್ಬಿಯಲ್ಲಿದ್ರೆ ಸಾಕು, ಗಂಡಸರು ಚರ್ಚಿಗೂ ಬರ್ತಾರೆ, ಅಂಗಡಿಗೂ ಬರ್ತಾರೆ. ಮತ್ತೆ ಒಂದು ಅರ್ಧ ದಿನ ಇಬ್ಬರೂ ಬೇರೆ ಬೇರೆ ತಿರುಗಿ. ಎರಡು ವಾರ ಒಂದೇ ರೂಮಲ್ಲಿ, ಒಂದೇ ಮುಖ. ರಾತ್ರಿ ಊಟಕ್ಕೆ ಹೇಳೋಕೆ ಏನಾದ್ರೂ ಇರಬೇಕಲ್ವಾ.

ಡ್ಯಾನ್ಯೂಬ್_ದಂಡೆ

ಮಲ್ಲಿಗೆ ಮೇಡಂ ಹೇಳಿದ್ದು ನೂರಕ್ಕೆ ನೂರು 🙏

ವಿಯೆನ್ನಾದಲ್ಲಿ ಒಂದು ಸಂಜೆ ಒಪೆರಾಗೆ (ಹಾಡಿನಲ್ಲೇ ನಡೆಯೋ ನಾಟಕ) ಇಡಿ. ಮುಂದಿನ ಸೀಟಿಗೆ 200 ಯುರೋ ಕೊಡೋ ಜಾಗದಲ್ಲಿ ನಿಂತು ನೋಡೋಕೆ ಅದೇ ದಿನ ಟಿಕೆಟ್ ಸಿಗುತ್ತೆ, ಇಪ್ಪತ್ತು ಯುರೋ ಒಳಗೆ. ಮೊದಲೆಲ್ಲ ನಿಲ್ಲೋ ಜಾಗದ ಮುಂದಿರೋ ಕಂಬಿಗೆ ಸ್ಕಾರ್ಫ್ ಕಟ್ಟಿ ಜಾಗ ಹಿಡಿಯೋ ಪದ್ಧತಿ ಇತ್ತು. ಯಾರೂ ಬಿಚ್ತಿರಲಿಲ್ಲ. ಜಾಕೆಟ್ ಮಾತ್ರ ಒಳಗೆ ಬಿಡಲ್ಲ, ಹೊರಗೆ ಕೊಟ್ಟು ಹೋಗಬೇಕು. ಸಾಕು ಅನಿಸಿದ್ರೆ ಮೊದಲ ಅಂಕ ಮುಗಿದ ಮೇಲೆ ಎದ್ದು ಬನ್ನಿ, ಇಷ್ಟು ಕಡಿಮೆ ಕೊಟ್ಟಿದ್ದಕ್ಕೆ ಬೇಜಾರಾಗಲ್ಲ. ಕಾರ್ಲ್ಸ್‌ಪ್ಲಾಟ್ಸ್‌ನ ವೀನ್ ಮ್ಯೂಸಿಯಂನಲ್ಲಿ ಕಾಯಂ ಪ್ರದರ್ಶನಕ್ಕೆ ಪ್ರವೇಶ ಉಚಿತ, ಮಳೆ ಬಂದ್ರೆ ಅಲ್ಲಿಗೆ ನುಗ್ಗಿ.

ಪ್ರಾಗ್‌ನಲ್ಲಿ ಡಿಸೆಂಬರ್ 5ರ ಸಂಜೆ ಇರೋ ಹಾಗೆ ನೋಡ್ಕೊಳ್ಳಿ. ಸಂತ ನಿಕೋಲಾಸ್, ದೇವದೂತ, ದೆವ್ವ ಮೂವರ ವೇಷ ಹಾಕಿ ಗುಂಪು ಗುಂಪಾಗಿ ಹಳೇ ಊರಿನ ಚೌಕಕ್ಕೆ ಬರ್ತಾರೆ. ದೆವ್ವ ಸರಪಳಿ ಎಳೀತಾ ಮಕ್ಕಳನ್ನ ‘ಈ ವರ್ಷ ಒಳ್ಳೇ ಮಗು ಆಗಿದ್ಯಾ’ ಅಂತ ಹೆದರಿಸುತ್ತೆ, ಮಕ್ಕಳು ಅಳ್ತಾ ಪದ್ಯ ಹೇಳ್ತಾರೆ, ಆಮೇಲೆ ಮಿಠಾಯಿ.

ಜಯನಗರ_4ನೇ_ಬ್ಲಾಕ್

ರಜೆ ಸಿಕ್ತು!! ಹೊಸ ಪ್ಲಾನ್ ನೋಡಿ: ಡಿಸೆಂಬರ್ 1ಕ್ಕೆ ಇಲ್ಲಿಂದ ಹೊರಟು ಕೊನೆಗೆ ಬುಡಾಪೆಸ್ಟ್‌ನಿಂದ ವಾಪಸ್. ಪ್ರಾಗ್ 4 (5ನೇ ತಾರೀಖು ಅಲ್ಲೇ), ವಿಯೆನ್ನಾ 5, ಬುಡಾಪೆಸ್ಟ್ 4. ವಿಯೆನ್ನಾದಿಂದ ಒಂದು ದಿನ ಸೆಮ್ಮರಿಂಗ್, ಒಂದು ದಿನ ಸ್ಲೋವಾಕಿಯಾದ ಬ್ರಾಟಿಸ್ಲಾವಾ. ವೀಸಾ ಆಸ್ಟ್ರಿಯಾದ್ದು. ಕ್ರಾಕೋ ಬಿಟ್ಟೆ ಕೋಟೆನಾಡು ಅವರೇ, ಆರೇಳು ಗಂಟೆ ರೈಲು ಅಂದ್ರೆ ಒಂದು ದಿನದ ಬೆಳಕು ಪೂರ್ತಿ ಹೋಗುತ್ತೆ. ಮೊಟ್ಟೆ ವಿಚಾರ ಕೇಳಿ ಇವರೂ ಹಿಂದೇಟು ಹಾಕಿದ್ರು.

ಕೊನೇ ಪ್ರಶ್ನೆ. ಬುಡಾಪೆಸ್ಟ್‌ನಲ್ಲಿ ಬಿಸಿನೀರಿನ ಸ್ನಾನದ ಮನೆಗಳು ಅಂತ ಎಲ್ಲರೂ ಹೇಳ್ತಾರೆ. ಇಬ್ಬರಿಗೂ ಈಜು ಬರಲ್ಲ, ನನಗೆ ಮುಜುಗರ ಬೇರೆ. ಹೋಗಬಹುದಾ?

ಕೋಟೆನಾಡು

ಕ್ರಾಕೋ ಬಿಟ್ಟಿದ್ದಕ್ಕೆ ಬೇಜಾರಿಲ್ಲ, ಮುಂದಿನ ಸಲ ಹೋಗಿ.

ಸ್ನಾನಕ್ಕೆ ಖಂಡಿತ ಹೋಗಿ. ಗೆಲ್ಲೆರ್ಟ್ ಸ್ನಾನದ ಮನೆ 2025ರ ಅಕ್ಟೋಬರ್‌ನಿಂದ ದುರಸ್ತಿಗೆ ಮುಚ್ಚಿದೆ, ಸೆಚೆನಿಗೆ ಹೋಗಿ. 1913ರಲ್ಲಿ ಶುರುವಾಗಿದ್ದು, ದೊಡ್ಡದು. ಈಜು ಬರಬೇಕಾಗಿಲ್ಲ, ಬಿಸಿನೀರಿನ ಕೊಳ ಎದೆ ಮಟ್ಟ ಅಷ್ಟೇ. ಬಾಗಿಲು ತೆಗೆದು ಹೊರಗೆ ಕಾಲಿಟ್ಟ ಮೇಲೆ ಕೊಳದ ತನಕ ಹತ್ತು ಹೆಜ್ಜೆ ತಣ್ಣನೆ ಕಲ್ಲು, ಆ ಹತ್ತು ಹೆಜ್ಜೆಯಲ್ಲಿ ‘ಯಾಕಾದ್ರೂ ಬಂದ್ವಪ್ಪ’ ಅನಿಸುತ್ತೆ. ಇಳಿದ ಮೇಲೆ ಮೂವತ್ತೆಂಟು ಡಿಗ್ರಿ ಆಸುಪಾಸಿನ ನೀರು, ತಲೆ ಮೇಲೆ ಸೊನ್ನೆ. ಹಬೆಗೆ ಎರಡು ಮಾರು ಆಚೆ ಇರೋರ ಮುಖ ಕಾಣಲ್ಲ, ಮುಜುಗರಕ್ಕೆ ಅಲ್ಲೇ ಔಷಧಿ. ಮೂಲೆಯಲ್ಲಿ ತಾತಂದಿರು ನೀರಲ್ಲಿ ನಿಂತೇ ಚೆಸ್ ಆಡ್ತಿರ್ತಾರೆ.

ವಾರದ ನಡುವೆ ಹೋಗಿ, ಶನಿವಾರ, ಭಾನುವಾರ ದರವೂ ಜಾಸ್ತಿ ಗದ್ದಲವೂ ಜಾಸ್ತಿ. ಲಾಕರ್ ಬದಲು ಕ್ಯಾಬಿನ್ ಟಿಕೆಟ್ ಒಬ್ಬರು ತಗೊಂಡ್ರೆ ಬಟ್ಟೆ ಬದಲಾಯಿಸೋಕೆ ಇಬ್ಬರಿಗೂ ಅದೇ ಸಾಕು. ಮೈ ಮುಚ್ಚೋ ಸ್ವಿಮ್ ಸೂಟ್ ಹಾಕೋರು ಬಹಳ ಜನ ಇರ್ತಾರೆ, ಬಟ್ಟೆ ಈಜಿನದ್ದೇ ಆಗಿದ್ರೆ ಸರಿ. ಟವೆಲ್ಲು, ರಬ್ಬರ್ ಚಪ್ಪಲಿ ಇಲ್ಲಿಂದಲೇ ತಗೊಂಡು ಹೋಗಿ, ಅಲ್ಲಿ ಕೊಳ್ಳೋಕೆ ಹೋದ್ರೆ ಒಂದೊಂದಕ್ಕೂ ಒಂದೊಂದು ಊಟದ ದುಡ್ಡು. ಹೊರಗೆ ಬಂದ್ಮೇಲೆ ತಲೆ ಪೂರ್ತಿ ಒಣಗಿಸಿಕೊಂಡು ಟೊಪ್ಪಿಗೆ ಹಾಕ್ಕೊಂಡೇ ಮೆಟ್ರೋ ಹತ್ತಿ. ಹತ್ತಿರದಲ್ಲಿ ಲಾಂಗೋಶ್ ಸಿಗುತ್ತೆ, ಬೆಳ್ಳುಳ್ಳಿ ಸವರಿ ಚೀಸ್ ಉದುರಿಸಿದ ದೊಡ್ಡ ಪೂರಿ. ಯಾವ ಎಣ್ಣೆಯಲ್ಲಿ ಕರಿದಿದ್ದು ಅಂತ ಕೇಳಿ ತಗೊಳ್ಳಿ, ಕೆಲವರು ಹಂದಿ ಕೊಬ್ಬು ಬಳಸ್ತಾರೆ.